ಮೂರು ಸಲ ತಟ್ಟಿ ತೆರೆಯಿರಿ

ನಮ್ಮ ಮನೆಯಲ್ಲಿ ಕಳ್ಳತನವಾಗದ ವಾರವಿಲ್ಲ. ಬೀಗ ಒಡೆದಿರುವುದಿಲ್ಲ, ಬೀರು ತೆರೆದಿರುವುದಿಲ್ಲ, ಬೆಳಿಗ್ಗೆ ಎದ್ದು ನೋಡಿದರೆ ಚೊಂಬು ತಂಬಿಗೆಯೆಲ್ಲ ಇದ್ದಲ್ಲೇ ಇರುತ್ತವೆ. ಹೋಗುವುದು ನಾನು ಬರೆದ ವಾಕ್ಯಗಳು ಮಾತ್ರ. ಅದೂ ಒಂದೆರಡಲ್ಲ, ಪ್ಯಾರಾಗಟ್ಟಲೆ.

ಮೊದಲು ನನ್ನ ವಿಷಯ ಸ್ವಲ್ಪ ಹೇಳಬೇಕು. ಹೆಬ್ಬಾಳದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದೆ. ನೋಟಿಸ್ ಬೋರ್ಡಿಗೆ ಬರೆಯುವ ಕೆಲಸ ನನ್ನದು. 'ಕೈ ತೊಳೆಯುವ ತೊಟ್ಟಿಯಲ್ಲಿ ಟಿಫನ್ ಡಬ್ಬಿ ತೊಳೆಯತಕ್ಕದ್ದಲ್ಲ' ಎಂಬಂಥ ಬರಹಗಳನ್ನು ನೂರಾರು ಬರೆದಿದ್ದೇನೆ. ಕೆಳಗೆ ನನ್ನ ಹೆಸರು ಇರುತ್ತಿರಲಿಲ್ಲ. 'ಆಡಳಿತ ವರ್ಗದ ಅಪ್ಪಣೆ ಮೇರೆಗೆ' ಎಂದಿರುತ್ತಿತ್ತು. ಜನ ಅದರ ಪಕ್ಕದಲ್ಲೇ ನಿಂತು ನೆಮ್ಮದಿಯಾಗಿ ಡಬ್ಬಿ ತೊಳೆಯುತ್ತಿದ್ದರು. ನಿವೃತ್ತಿಯ ದಿನ ಹಾರ ಹಾಕಿ, "ಇವರು ಬಹಳ ಶಾಂತ ಸ್ವಭಾವದವರು" ಎಂದರು. ಚೆನ್ನಾಗಿ ಬರೆಯುತ್ತಿದ್ದರು ಎಂದು ಒಬ್ಬರೂ ಹೇಳಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ನನ್ನ ಹೆಂಡತಿ ವಿದ್ಯಾರಣ್ಯಪುರಂನ ನಮ್ಮ ಮನೆಯಿಂದಲೇ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿಗಳನ್ನು ಆನ್‌ಲೈನಿನಲ್ಲಿ ಮಾರಲು ಶುರುಮಾಡಿದಳು. ಪುಡಿ ಅವಳದು, ಪುಡಿಯ ಬಗ್ಗೆ ಬರೆಯುವುದು ನನ್ನದು. ಪ್ರತಿ ಬರಹದ ಕೆಳಗೂ ನನ್ನ ಹೆಸರನ್ನು ಇನಿಷಿಯಲ್ ಸಮೇತ ಹಾಕತೊಡಗಿದೆ.

"ಚಟ್ನಿಪುಡಿಗೆ ಬರೆದೋರ ಹೆಸರು ಯಾಕ್ರೀ?" ಎಂದಳು.

"ಇರಲಿ ಕಣೆ. ಯಾರಾದ್ರೂ ಕೇಳಿದ್ರೆ ಗೊತ್ತಾಗ್ಲಿ" ಎಂದೆ.

ಯಾರೂ ಕೇಳಲಿಲ್ಲ. ಆ ಹೆಸರೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ತೆಗೆದುಕೊಂಡು ಹೋದರು.

ಎಡ ಮೊಣಕಾಲು

ಸಾರಿನ ಪುಡಿಯ ಬಗ್ಗೆ ಹೆಂಡತಿಯೇ ಹೇಳುವ ಹಾಗೆ ಬರೆದಿದ್ದೆ: 'ನಮ್ಮ ಯಜಮಾನರಿಗೆ ಎಡ ಮೊಣಕಾಲು ನೋವು. ಮಹಡಿ ಇಳಿಯಲು ಹತ್ತು ನಿಮಿಷ ಬೇಕು. ಆದರೆ ಈ ಸಾರು ಕುದಿಯುವ ಘಮ ಬಂದರೆ, ತಟ್ಟೆ ಹಾಕುವ ಮೊದಲೇ ಬಂದು ಕೂತಿರುತ್ತಾರೆ.' ಮೊಣಕಾಲು ನನ್ನದೇ. ನೋವೂ ಅಪ್ಪಟ.

ಹದಿನೈದು ದಿನದಲ್ಲಿ ದಟ್ಟಗಳ್ಳಿಯ ಹುಡುಗಿಯೊಬ್ಬಳು ಮಾರುವ ಸಾರಿನ ಪುಡಿಯ ಕೆಳಗೆ ಅದೇ ಯಜಮಾನರು, ಅದೇ ಮಹಡಿ, ಅದೇ ಎಡ ಮೊಣಕಾಲು. ಫೋಟೋ ನೋಡಿದರೆ ಈಗಷ್ಟೇ ಕಾಲೇಜು ಮುಗಿಸಿದ ಮಗು. ಫೋನ್ ಮಾಡಿದೆ.

"ಯಜಮಾನರ ಮೊಣಕಾಲು ಹೇಗಿದೆಯಮ್ಮ?"

"ಯಾವ ಯಜಮಾನ್ರು ಅಂಕಲ್? ನಂಗಿನ್ನೂ ಮದುವೇನೇ ಆಗಿಲ್ಲ."

"ಮತ್ತೆ ಕಾಲು ಯಾರದ್ದು?"

"ಓ, ಅದಾ! ಅದು ಕಾಲಲ್ಲ ಅಂಕಲ್, ಡಿಸ್ಕ್ರಿಪ್ಷನ್ನು. ನೆಟ್ಟಲ್ಲಿ ಸಿಕ್ತು, ಚೆನ್ನಾಗಿತ್ತು, ಹಾಕ್ಕೊಂಡೆ."

ನಾನು ಬೈಯಲೆಂದೇ ಫೋನ್ ಮಾಡಿದವನು. 'ಚೆನ್ನಾಗಿತ್ತು' ಎಂದಳಲ್ಲ, ಅಲ್ಲಿಗೇ ಅರ್ಧ ಕರಗಿಹೋದೆ. ಮೂವತ್ತು ವರ್ಷದಲ್ಲಿ ಆಡಳಿತ ವರ್ಗ ಈ ಮಾತು ಹೇಳಿರಲಿಲ್ಲ. "ಹಾಗಾದ್ರೆ ಕೆಳಗೆ ನನ್ನ ಹೆಸರು ಹಾಕಮ್ಮ" ಎಂದೆ.

"ಅಯ್ಯೋ, ಯಾರೋ ಗಂಡಸರ ಹೆಸರು ಹಾಕಿದ್ರೆ ಮನೇಲಿ ಬೈತಾರೆ ಅಂಕಲ್."

ಯಾರೋ ಗಂಡಸರ ಕಾಲು ಹಾಕಿಕೊಳ್ಳಬಹುದು, ಹೆಸರು ಹಾಕಬಾರದು. ಮರ್ಯಾದಸ್ಥರ ಮನೆಯ ಹುಡುಗಿ. ಆದರೂ ನನ್ನ ಮಾತಿಗೆ ಬೆಲೆ ಕೊಟ್ಟು ಎರಡು ದಿನದಲ್ಲಿ ಬರಹವನ್ನು ತಿದ್ದಿದಳು. ಈಗ ಮೊಣಕಾಲು ನೋವು ಅವಳ ಅಪ್ಪನಿಗೆ.

ದೂರು ವಿಭಾಗ

ಹುಳಿಪುಡಿಯ ಬರಹವನ್ನು ಹೆಬ್ಬಾಳದ ಕಡೆಯ ಒಬ್ಬ ವ್ಯಾಪಾರಿ ಇಡಿಯಾಗಿ ಎತ್ತಿಕೊಂಡ. ಪುಡಿ, ಪ್ಲಾಸ್ಟಿಕ್ ಬಕೆಟ್, ಮೊಬೈಲ್ ಕವರ್ ಎಲ್ಲವನ್ನೂ ಆನ್‌ಲೈನಿನಲ್ಲಿ ಮಾರುವ ಆಸಾಮಿ. ಮೇಲ್ಗಡೆ 'ಆರ್ಡರಿಗಾಗಿ' ಎಂದು ತನ್ನ ನಂಬರ್ ಹಾಕಿಕೊಂಡ. ಕೊನೆಯಲ್ಲಿದ್ದ ನನ್ನ ಹೆಸರನ್ನು ಜೋಪಾನವಾಗಿ ಅಳಿಸಿದ. ಆದರೆ ಅದರ ಮೇಲಿನ ಸಾಲಿನಲ್ಲಿ 'ದೂರುಗಳಿದ್ದರೆ ಸಂಕೋಚವಿಲ್ಲದೆ ಕರೆ ಮಾಡಿ' ಎಂದು ನಾನು ಕೊಟ್ಟಿದ್ದ ನನ್ನ ನಂಬರನ್ನು ಹಾಗೇ ಉಳಿಸಿದ.

ಹೀಗಾಗಿ ಆರ್ಡರು ಅವನಿಗೆ, ಬೈಗುಳ ನನಗೆ. ಕಾಫಿ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಫೋನು ಬರುತ್ತಿತ್ತು. "ಏನ್ರೀ ಇದು, ಹುಳಿಪುಡೀಲಿ ಬರೀ ಕೊತ್ತಂಬರಿ ಕಡ್ಡಿ!" ಎಂದು ಒಬ್ಬರು. "ಪುಡಿ ಕಳ್ಸಿ ಅಂದ್ರೆ ಮೊಬೈಲ್ ಕವರ್ ಕಳ್ಸಿದೀರಲ್ರೀ, ಅದನ್ನ ಹುಳಿಗೆ ಹಾಕ್ಲಾ?" ಎಂದು ಇನ್ನೊಬ್ಬರು. ನನಗೋ ಆಫೀಸಿನ ಅಭ್ಯಾಸ ಬಿಟ್ಟಿಲ್ಲ. ಯಾರು ದೂರಿದರೂ, "ತಮ್ಮ ವಿಷಯ ಗಮನಕ್ಕೆ ಬಂದಿದೆ, ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂದು ಬಾಯಿಗೆ ತಾನಾಗಿ ಬಂದುಬಿಡುತ್ತದೆ.

ಮೂರನೇ ವಾರ ರೇಗಿಹೋಗಿ ಅವನಿಗೇ ಫೋನ್ ಮಾಡಿದೆ. "ನಿಮ್ಮ ಗಿರಾಕಿಗಳೆಲ್ಲ ನಂಗೆ ಬೈತಾ ಇದಾರೆ ಕಣ್ರೀ!"

"ಓಹೋ, ಅದು ನೀವೇನಾ ಸಾರ್?" ಎಂದ, ಬಹಳ ದಿನದಿಂದ ಹುಡುಕುತ್ತಿದ್ದ ನೆಂಟ ಸಿಕ್ಕಿದವನಂತೆ. "ಕಸ್ಟಮರ್‌ಗಳು ನಿಮ್ಮನ್ನ ಶಾನೆ ಹೊಗಳ್ತಾವ್ರೆ. ಅಷ್ಟು ಮರ್ಯಾದೆಯಾಗಿ ಮಾತಾಡೋರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ ಅಂತ. ಅಂಗೇ ಮುಂದುವರ್ಸಿ ಸಾರ್."

ಎಚ್ಚರಿಕೆ

ಫೋನಿನಲ್ಲಿ ಬಗೆಹರಿಯುವ ವಿಷಯವಲ್ಲ ಎಂದು ಹೆಬ್ಬಾಳದ ಬಸ್ಸು ಹತ್ತಿದೆ. ಮೂವತ್ತು ವರ್ಷ ಓಡಾಡಿದ ದಾರಿ, ಮೊಣಕಾಲು ತಾನಾಗಿ ನಡೆಯಿತು. ಅವನ ಕೋಣೆಗೆ ಹೋಗಿ, ಬಕೆಟ್ಟುಗಳ ಮಧ್ಯೆ ಕೂತು, ನನ್ನ ಬರಹ ಮತ್ತು ಅವನ ಬರಹ ಎರಡನ್ನೂ ಮುದ್ರಿಸಿಕೊಂಡು ಹೋಗಿದ್ದ ಹಾಳೆಗಳನ್ನು ಅಕ್ಕಪಕ್ಕ ಇಟ್ಟೆ. ಅವನು ಟೀ ತರಿಸಿದ. ಎರಡನ್ನೂ ನಿಧಾನವಾಗಿ ಓದಿದ.

"ಎರಡೂ ಚೆನ್ನಾಗವೆ ಸಾರ್."

"ಎರಡೂ ಒಂದೇ ಕಣಯ್ಯ!"

"ಅದೇ ಅಲ್ವಾ ಸಾರ್. ಹುಳಿಪುಡಿ ಅಂದ್ಮೇಲೆ ಎಲ್ಲರ ಮನೇಲೂ ಅದೇ ಬೇಳೆ, ಅದೇ ಮೆಣಸಿನಕಾಯಿ. ಮಾತು ಮಾತ್ರ ಬೇರೆ ಎಲ್ಲಿಂದ ತರೋದು? ಮಾತಿಗೆ ಯಜಮಾನ ಇರ್ತಾನಾ?"

ಅವನ ಹಾಳೆಯ ಕೆಳಗಡೆಯ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟೆ. 'ಈ ಬರಹವನ್ನು ಅನುಮತಿಯಿಲ್ಲದೆ ನಕಲು ಮಾಡಿದವರ ಮೇಲೆ ಕಾನೂನು ಕ್ರಮ ಜರುಗಿಸಲಾಗುವುದು' ಎಂದಿತ್ತು. ಅದೂ ನಾನೇ ಬರೆದ ಸಾಲು. "ಯಜಮಾನ ಇಲ್ಲ ಅಂದ್ಮೇಲೆ ಇದ್ಯಾಕಪ್ಪ ಹಾಕಿದೀಯ?" ಎಂದೆ.

ಅವನು ನನ್ನ ಅಮಾಯಕತೆಗೆ ಮರುಗಿದವನಂತೆ ದನಿ ತಗ್ಗಿಸಿದ. "ಜನ ಸರಿಯಿಲ್ಲ ಸಾರ್. ಅದೊಂದು ಇಲ್ದಿದ್ರೆ ಕದ್ದುಬುಡ್ತಾರೆ."

ಮುಷ್ಕರ

ಆ ಸಿಟ್ಟಿಗೆ ಬರೆಯುವುದನ್ನೇ ನಿಲ್ಲಿಸಿದೆ. ಕಾರ್ಖಾನೆಯಲ್ಲಿ ಎಷ್ಟೋ ಮುಷ್ಕರ ನೋಡಿದ್ದೆ, ನೋಟಿಸು ಬರೆದೂ ಇದ್ದೆ. ನಾನೇ ಹೂಡಿದ್ದು ಇದೇ ಮೊದಲು. ಹತ್ತು ದಿನ ಒಂದಕ್ಷರ ಬರೆಯಲಿಲ್ಲ. ಹೆಂಡತಿ ಪುಡಿಯ ಫೋಟೋ ಹಾಕಿ ಕೆಳಗೆ 'ಚೆನ್ನಾಗಿದೆ' ಎಂದಷ್ಟೇ ಬರೆದಳು. ಪುಡಿ ಎಂದಿನಂತೆಯೇ ಖರ್ಚಾಯಿತು. ಈ ವಿಷಯವನ್ನು ನಾನು ಹೆಚ್ಚು ಚರ್ಚಿಸಲು ಇಷ್ಟಪಡುವುದಿಲ್ಲ.

ಹನ್ನೊಂದನೇ ದಿನ ದಟ್ಟಗಳ್ಳಿಯ ಹುಡುಗಿಯೇ ಫೋನ್ ಮಾಡಿದಳು. "ಹುಷಾರಾಗಿದೀರಾ ಅಂಕಲ್? ಮೊಣಕಾಲು ಜಾಸ್ತಿ ಆಯ್ತಾ? ನುಗ್ಗೆಸೊಪ್ಪಿನ ಪುಡಿ ಮಾಡಿಟ್ಟು ಒಂದು ವಾರ ಆಯ್ತು, ನೀವು ಬರೆಯೋದನ್ನೇ ಕಾಯ್ತಾ ಇದೀನಿ."

ಅಂದೇ ಕೂತು ನುಗ್ಗೆಸೊಪ್ಪಿನ ಮೇಲೆ ಎರಡು ಪ್ಯಾರಾ ಬರೆದೆ. ನಮ್ಮ ಮನೆಯಲ್ಲಿ ಆ ಪುಡಿ ಮಾಡುವುದೇ ಇಲ್ಲ. ಆದರೆ ಕಾದು ಓದುವವರು ಎಲ್ಲರಿಗೂ ಸಿಗುತ್ತಾರೆಯೇ?

ಬೋನು

ಬರೆಯದೆ ಇರಲಾಗುವುದಿಲ್ಲ, ಬರೆದರೆ ಉಳಿಯುವುದಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ಬುದ್ಧಿಯಿರುವ ಯಾರೂ ಬರೆಯದ ಒಂದು ಸಾಲನ್ನು ಮಧ್ಯೆ ಸೇರಿಸಬೇಕು. ಆ ಸಾಲು ಯಾರ ಬರಹದಲ್ಲಿ ಕಂಡರೂ, ಕದ್ದದ್ದು ಎಂದು ಊರಿಗೇ ಗೊತ್ತಾಗುತ್ತದೆ. ಆಗ ನನ್ನ ಹೆಸರು ಹಾಕದೆ ಎಲ್ಲಿಗೆ ಹೋಗುತ್ತಾರೆ?

ಚಟ್ನಿಪುಡಿಗೆ ಬರೆದೆ: 'ನಮ್ಮ ಮನೆಯ ಪದ್ಧತಿಯಂತೆ, ಡಬ್ಬಿಯನ್ನು ತಲೆಕೆಳಗು ಹಿಡಿದು ತಳಕ್ಕೆ ಮೂರು ಸಲ ತಟ್ಟಿ, ಆಮೇಲೆ ತೆರೆಯಿರಿ. ಕೆಳಗೆ ಕೂತ ಇಂಗಿನ ಘಮ ಮೇಲೆ ಬರುತ್ತದೆ.'

ಹೆಂಡತಿ ಓದಿ ನೋಡಿದಳು. "ಇದನ್ನ ಯಾವತ್ತು ಮಾಡಿದ್ವಿ ನಾವು?"

"ಮಾಡಿಲ್ಲ. ಅದಕ್ಕೇ ಬರೆದಿದ್ದು."

"ಯಾರಾದ್ರೂ ನಿಜ ಅಂದ್ಕೊಂಡು ತಟ್ಟಿ ಚೆಲ್ಕೊಂಡ್ರೆ?"

"ನಮ್ಮದು ತಿರುಪಿನ ಮುಚ್ಚಳ ಕಣೆ. ಏನೂ ಆಗಲ್ಲ ಸುಮ್ನಿರು."

ಒಂದೇ ವಾರದಲ್ಲಿ ಐದು ಜನ ಬೋನಿಗೆ ಬಿದ್ದರು. ಬಿದ್ದವರು ಸುಮ್ಮನೂ ಇರಲಿಲ್ಲ. ದಟ್ಟಗಳ್ಳಿಯ ಹುಡುಗಿ 'ನಮ್ಮ ಮುತ್ತಜ್ಜಿಯ ಪದ್ಧತಿ' ಎಂದು ಹಾಕಿಕೊಂಡಳು. ಹೆಬ್ಬಾಳದವನು ಅದನ್ನು 'ಅರಮನೆ ಕಾಲದ ಪದ್ಧತಿ' ಮಾಡಿದ. ಮೂರನೆಯವರು ಪೂರ್ವಕ್ಕೆ ಮುಖ ಮಾಡಿ ತಟ್ಟಬೇಕೆಂದರು. ನನ್ನ ಇಲಿಗಳು ಬೋನನ್ನೇ ಎತ್ತಿಕೊಂಡು ಹೋಗಿ, ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದವು.

ಸಂಪ್ರದಾಯ

ಮುಂದಿನ ತಿಂಗಳು ಹೆಂಡತಿಯ ಕಡೆಯವರ ಗೃಹಪ್ರವೇಶ. ತಿಂಡಿಗೆ ಕೂತಾಗ ಇಡ್ಲಿಗೆ ಚಟ್ನಿಪುಡಿ ಬೇಕೆನ್ನಿಸಿ, ಮೇಜಿನ ಮೇಲಿದ್ದ ಡಬ್ಬಿಗೆ ಕೈ ಹಾಕಿದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಗಬಕ್ಕನೆ ನನ್ನ ಕೈ ಹಿಡಿದುಕೊಂಡರು.

"ತಡಿ ಮಗ. ತಟ್ಟದೆ ತೆಗೀಬಾರ್ದು."

ಡಬ್ಬಿಯನ್ನು ತಲೆಕೆಳಗು ಮಾಡಿ, ಮೂರು ಸಲ ತಟ್ಟಿ, ಮುಚ್ಚಳ ತೆಗೆದು ಮೂಸಿದರು. "ನೋಡು, ಇಂಗು ಎಂಗೆ ಎದ್ದು ಬಂತು!"

"ಅಜ್ಜಿ, ಅದನ್ನ ಬರೆದೋನು ನಾನೇ. ಹೋದ ತಿಂಗಳು" ಎಂದೆ.

ಅಜ್ಜಿ ನನ್ನನ್ನು ಕನಿಕರದಿಂದ ನೋಡಿದರು. "ಸುಮ್ಕಿರಪ್ಪ ನೀನು. ನಮ್ಮತ್ತೆ ಕಾಲದಿಂದ ತಟ್ತಾ ಇದೀವಿ. ಒಂದ್ಸಲ ತಟ್ಟದೆ ತೆಗೆದು ಅವ್ರ ಕೈಲಿ ಬೈಸ್ಕೊಂಡಿದೀನಿ."

ಎದುರಿಗೆ ಕೂತಿದ್ದ ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲುಗುತ್ತಿದ್ದಳು. ಅಜ್ಜಿ ಡಬ್ಬಿಯನ್ನು ನನ್ನ ಕೈಗಿತ್ತು, "ಈಗ ನೀನು ತಟ್ಟು" ಎಂದರು. ತಟ್ಟಿದೆ. "ಅಂಗಲ್ಲ" ಎಂದು ತಿದ್ದಿದರು.

ಮೂಲ ಲೇಖಕರು

ನಮ್ಮದು ತಿರುಪಿನ ಮುಚ್ಚಳ ಎಂದೆನಲ್ಲ. ನನ್ನ ಮಾತನ್ನು ನಕಲು ಮಾಡಿದ ಐವರೂ ಮುಚ್ಚಳವನ್ನು ನಕಲು ಮಾಡಿರಲಿಲ್ಲ. ಅವರದೆಲ್ಲ ಒತ್ತಿ ಕೂರಿಸುವ ಮುಚ್ಚಳ.

ಮನೆತಿಂಡಿ ಮಾರುವವರು, ಕೊಳ್ಳುವವರು ಎಲ್ಲ ಇರುವ ಒಂದು ಗುಂಪು ನನ್ನ ಹೆಂಡತಿಯ ಮೊಬೈಲಿನಲ್ಲಿದೆ. ಒಂದು ಭಾನುವಾರ ಮಧ್ಯಾಹ್ನ ಅದರಲ್ಲಿ ಒಬ್ಬ ಹೆಂಗಸು ಬರೆದರು. ಮಗಳ ಮದುವೆ ನಿಶ್ಚಯವಾಗಿ, ಬೀಗರನ್ನು ಮೊದಲ ಸಲ ಊಟಕ್ಕೆ ಕರೆದಿದ್ದರಂತೆ. ತಮ್ಮ ಮನೆಯ ಸಂಪ್ರದಾಯ ನೋಡಲಿ ಎಂದು ಬೀಗರ ಎಲೆಯ ಮುಂದೆ ನಿಂತು, ಡಬ್ಬಿಯನ್ನು ತಲೆಕೆಳಗು ಹಿಡಿದು, ಪೂರ್ವಕ್ಕೆ ಮುಖ ಮಾಡಿ ತಟ್ಟಿದರಂತೆ. ಮೂರನೇ ತಟ್ಟಿಗೆ ಮುಚ್ಚಳ ಕಳಚಿ, ಅರ್ಧ ಕೆಜಿ ಚಟ್ನಿಪುಡಿ ಬೀಗರ ಬೋಳುತಲೆಯಿಂದ ರೇಷ್ಮೆ ಪಂಚೆಯವರೆಗೆ ಇಳಿಯಿತು. 'ಕನ್ನಡಕ ಇದ್ದುದರಿಂದ ಕಣ್ಣು ಉಳಿಯಿತು. ಸಂಬಂಧ ಉಳಿಯುತ್ತದೋ ಇಲ್ಲವೋ ತಿಳಿಯದು. ಈ ತಟ್ಟುವ ವಿಷಯ ಬರೆದ ಪುಣ್ಯಾತ್ಮ ಯಾರೆಂದು ನನಗೆ ಈಗಲೇ ಗೊತ್ತಾಗಬೇಕು' ಎಂದು ಮುಗಿಸಿದ್ದರು.

ಮೊದಲು ಉತ್ತರಿಸಿದವಳು ದಟ್ಟಗಳ್ಳಿಯ ಹುಡುಗಿ. 'ಆಂಟಿ, ಇದು ನಮ್ಮ ಬರಹವಲ್ಲ. ಇದರ ಮೂಲ ಲೇಖಕರು ವಿದ್ಯಾರಣ್ಯಪುರಂನವರು' ಎಂದು ಬರೆದು, ಮುಂದೆ ನನ್ನ ಪೂರ್ತಿ ಹೆಸರು, ಇನಿಷಿಯಲ್ ಸಮೇತ. ಮನೆಯಲ್ಲಿ ಬೈಯುವ ಭಯ ಹೋಗಿತ್ತು. ಮುತ್ತಜ್ಜಿಯೂ ಹೋಗಿದ್ದರು. ಮಾತಿಗೆ ಯಜಮಾನ ಇರ್ತಾನಾ ಎಂದಿದ್ದ ಹೆಬ್ಬಾಳದವನು, ಎಲ್ಲರಿಗಿಂತ ಮೊದಲು ಬರೆದವನು ನಾನೇ ಎಂದು ಸಾಬೀತು ಮಾಡಲು ನನ್ನ ಬರಹದ ಫೋಟೋವನ್ನೇ ತಾರೀಖು ಸಮೇತ ಹಾಕಿ, ಹೆಸರಿನ ಕೆಳಗೆ ಕೆಂಪು ಗೆರೆ ಎಳೆದು, 'ಮೂಲ ಲೇಖಕರು' ಎಂದು ಬರೆದಿದ್ದ. ನಂಬರನ್ನೂ ಕೊಟ್ಟಿದ್ದ. ಅದು ಹೇಗೂ ಅವನ ಹತ್ತಿರ ಇತ್ತಲ್ಲ. ಉಳಿದ ಮೂವರು ಹುಡುಗಿಯ ಉತ್ತರವನ್ನೇ ಎತ್ತಿ ಅಂಟಿಸಿದ್ದರು. 'ಆಂಟಿ' ಎನ್ನುವುದನ್ನೂ ಬಿಟ್ಟಿರಲಿಲ್ಲ. ಆದರೆ ಈ ಸಲ ಒಬ್ಬರೂ ನನ್ನ ಹೆಸರನ್ನು ಅಳಿಸಿರಲಿಲ್ಲ.

"ಮೂಲ ಲೇಖಕರು ಅಂತ ಹಾಕಿದಾರೆ ಕಣ್ರೀ. ಐದು ಕಡೆ" ಎಂದಳು ಹೆಂಡತಿ.

ನಿಜ ಹೇಳುತ್ತೇನೆ, ನನ್ನ ಕಣ್ಣು ತೇವವಾಯಿತು. ಮೂವತ್ತು ವರ್ಷದ ನೋಟಿಸ್ ಬೋರ್ಡು ಕಣ್ಣ ಮುಂದೆ ಬಂತು. "ಇನ್ನೊಂದ್ಸಲ ಓದು" ಎಂದೆ. ಅವಳು ಓದುತ್ತಿದ್ದಳು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು.

"ಡಬ್ಬಿ ತಟ್ಟಿ ಅಂತ ಬರೆದ ಲೇಖಕರು ನೀವೇನಾ?" ಎಂದಿತು ಒಂದು ಹೆಣ್ಣುದನಿ. ಅದರ ಹಿಂದೆ ಯಾರೋ ಹಿರಿಯ ಗಂಡಸರು ಒಂದೇ ಸಮನೆ ಸೀನುತ್ತಿದ್ದರು.

ಜೀವಮಾನವೆಲ್ಲ ಕಾದಿದ್ದ ಪ್ರಶ್ನೆ. ಎದ್ದು ನಿಂತೆ. ಗಂಟಲು ಸರಿಮಾಡಿಕೊಂಡೆ. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ ತಾಯಿ" ಎಂದೆ. "ನೆಟ್ಟಲ್ಲಿ ಸಿಕ್ತು, ಚೆನ್ನಾಗಿತ್ತು, ನಾನೂ ಹಾಕ್ಕೊಂಡೆ."