ಗರುಡ ಸರ್ವಿಸಿನ ಗುಟ್ಟಿಗಾಗಿ ನಡೆದ ಘೋರ ಸಮರ

ನಲವತ್ತೊಂದು ಸರ್ವಿಸುಗಳೆಂಬ ತಂತ್ರಾಂಶಭಟರು ಒಬ್ಬರ ಹೆಗಲನ್ನೊಬ್ಬರು ಹಿಡಿದು ಬಸ್ ಟಿಕೆಟ್ ಬುಕಿಂಗೆಂಬ ಮಹಾಭಾರವನ್ನು ಹೊತ್ತು ನಿಂತಿದ್ದ, ಆದರೆ ಯಾರು ಯಾರನ್ನು ನೆಚ್ಚಿ ನಿಂತಿದ್ದಾರೆಂದು ಬರೆದಿಟ್ಟವರೇ ಇಲ್ಲದಿದ್ದ ಆ ತಮೋಯುಗದಲ್ಲಿ, ಹುಬ್ಬಳ್ಳಿಯ ಕಚೇರಿಯೊಂದರ ಮೂರನೆಯ ಮಹಡಿಯಲ್ಲಿ ಉದಯಿಸಿದ ಕೀಲಿಮಣೆಕುಲದೀಪಿಕೆ, ಪಟ್ಟಿನಿರ್ಮಾಣಧುರಂಧರೆ ಅನ್ನಪೂರ್ಣಾ ಹುರಕಡ್ಲಿಯ ಪರಾಕ್ರಮವನ್ನು ಬಣ್ಣಿಸುವೆನು; ಮೊಬೈಲನ್ನು ಬದಿಗಿಟ್ಟು ಕಿವಿಗೊಡಿ.

ಮೂರು ವಾರ ಬೆವರಿಳಿಸಿ ಆಕೆ ನಲವತ್ತು ಸರ್ವಿಸುಗಳ ಕೆಲಸ, ಒಡೆಯ, ಅವಲಂಬಿತರನ್ನೆಲ್ಲ ಪಟ್ಟಿಗಿಳಿಸಿದ್ದಳು. ಉಳಿದದ್ದು ‘ಗರುಡ’ ಒಂದೇ. ಅದನ್ನು ಕಟ್ಟಿದ ಅನುಭವವಜ್ರಕವಚಧಾರಿ ವಿರೂಪಾಕ್ಷ ಅಂಗಡಿ ಮರುದಿನವೇ ಕೆಲಸ ಬಿಟ್ಟು ಹೊರಡುವವನು. ಆಮೇಲೆ ಗರುಡ ಕೆಟ್ಟು ಹಬ್ಬದ ಬುಕಿಂಗ್ ನಿಂತರೆ, ಬಸ್ ಸ್ಟ್ಯಾಂಡಿನಲ್ಲಿ ನಿಂತ ಸಾವಿರಾರು ಜನ ಶಪಿಸುವುದು ತನ್ನನ್ನೇ ಎಂದು ನೆನೆದು ಅವಳು ನೆಟ್ಟಗೆ ಅವನ ಮೇಜಿಗೆ ನಡೆದಳು.

“ಸರ, ಗರುಡಾ ಏನ್ ಮಾಡ್ತದ ಹೇಳ್ರಿ, ಬರಕೋತೀನಿ.”

ವಿರೂಪಾಕ್ಷ ಗಾಲಿಕುರ್ಚಿಯೆಂಬ ರಥವನ್ನು ಗರ್ರನೆ ತಿರುಗಿಸಿ ಗರ್ಜಿಸಿದ: “ಅದನ್ನ ಮುಟ್ಟಬ್ಯಾಡವಾ! ಆರು ವರ್ಷ ನಾ ಒಬ್ಬಾಂವನ ಕಾದೀನಿ. ಎಲ್ಲಾ ನನ್ನ ತಲ್ಯಾಗ ಅದ. ನೀ ಕೈ ಹಚ್ಚಿದ್ರ ಏನೇನ್ ಬೀಳ್ತದೋ ಆ ದೇವರಿಗೇ ಗೊತ್ತು!”

“ನಿಮ್ಮ ತಲಿ ನಾಳೆ ಬೆಳಗಾವಿಗೆ ಹೊಂಟದಲ್ರಿ! ಹೇಳದಿದ್ರ ಬಿಡ್ರಿ. ನಾ ಹುರಕಡ್ಲಿಯವರ ಮಗಳು, ಬಂದ್ ಮಾಡೇ ತಿಳಕೋತೀನಿ.”

ಹಾಗೆಂದವಳೇ ತನ್ನ ಮೇಜಿಗೆ ಮರಳಿದಳು. ಬಂದ್ ಮಾಡುವ ಕೀಲಿಯನ್ನು ಒತ್ತಿದಳು. ಗರುಡ ನಿಂತಿತು.

ಭೂಮಿ ಬಿರಿಯಲಿಲ್ಲ. ನಲವತ್ತು ಹಸಿರು ದೀಪಗಳಲ್ಲಿ ಒಂದೂ ಕೆಂಪಾಗಲಿಲ್ಲ. ಟಿಕೆಟುಗಳು ಎಂದಿನಂತೆ ಹರಿದವು. ಗಂಟೆ ನಾಲ್ಕು ಹೊಡೆಯಿತು. ಆಗ, ಅದುವರೆಗೆ ಬೆಟ್ಟದಂತೆ ಕುಳಿತಿದ್ದ ವಿರೂಪಾಕ್ಷ ಗಡಿಯಾರ ನೋಡಿದ, ಪರದೆ ನೋಡಿದ, ಎದ್ದ, ಕೂತ, ಹಣೆ ಒರೆಸಿಕೊಂಡ. ಕೊನೆಗೆ ಅವಳ ಮೇಜಿಗೆ ಬಂದು ಬಾಗಿ ಪಿಸುಗುಟ್ಟಿದ:

“ಚಾಲೂ ಮಾಡವಾ, ನಿನ್ನ ಪುಣ್ಯಾ ಬರ್ತದ.”

“ಮೊದ್ಲ ಹೇಳ್ರಿ.”

“ಕ್ಯಾಂಟೀನಿನ ಶಾಂತವ್ವ ಮಿರ್ಚಿ ಭಜಿ ಎಣ್ಣ್ಯಾಗಿಂದ ತಗದ ಕೂಡ್ಲೆ ಒಂದ್ ಗುಂಡಿ ಒತ್ತತಾಳ. ನನಗೊಬ್ಬಗ ಮೆಸೇಜ್ ಬರ್ತದ. ಅಷ್ಟ. ಎಲ್ಲಾರಿಗೂ ಗೊತ್ತಾದ್ರ ನನಗ ಉಳೀತಾವೇನು?”

ಅನ್ನಪೂರ್ಣಾ ನಗಲಿಲ್ಲ. ಗಂಭೀರವದನೆಯಾಗಿ ಗರುಡವನ್ನು ಮತ್ತೆ ಚಾಲೂ ಮಾಡಿದಳು. ಮೆಸೇಜು ಹೋಗುವ ನಂಬರನ್ನು ಅಳಿಸಿ ತನ್ನದನ್ನು ಹಾಕಿದಳು. ನಂತರ ಪಟ್ಟಿಯ ಕೊನೆಯ ಸಾಲಿನಲ್ಲಿ ‘ಒಡೆಯ: ಅನ್ನಪೂರ್ಣಾ ಹುರಕಡ್ಲಿ. ಕೆಲಸ: ಅತ್ಯಂತ ಮಹತ್ವದ್ದು’ ಎಂದಷ್ಟೇ ಬರೆದು, ಬಿಸಿ ಆರುವ ಮೊದಲೇ ಕ್ಯಾಂಟೀನಿಗೆ ಓಡಿದಳು.