ಕಣ್ಣಿನ ಕಸ ಊದುವ ಹೀರೋಗಳು

ಇಂಗ್ಲಿಷ್ ಸಿನಿಮಾ ನೋಡಲು ಇಂಗ್ಲಿಷ್ ಬರಬೇಕಾಗಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ನಾನು ಓದಿದ್ದು ಎರಡನೇ ಕ್ಲಾಸು. ಅದರಲ್ಲೂ ಅರ್ಧ ವರ್ಷ ಎಮ್ಮೆ ಕಾಯುವುದರಲ್ಲಿ ಹೋಯಿತು. ಆದರೂ ಮಧುಗಿರಿಯ ನಮ್ಮ ಬೀದಿಯಲ್ಲಿ ಹಾಲಿವುಡ್ ಸಿನಿಮಾ ವಿಮರ್ಶಕಿ ಅಂತ ಯಾರಾದರೂ ಇದ್ದರೆ ಅದು ನಾನೇ. ಆ ಕೆಲಸಕ್ಕೆ ಬೇರೆ ಯಾರೂ ಬರಲಿಲ್ಲ, ಅದೂ ನಿಜ.

ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ರಂಗಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ರಿಟೈರಾದವರು. ರಿಟೈರಾದ ಮೇಲೆ ಗೋಡೆಯಗಲ ಟಿವಿ ತಂದು, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಒಂದು ಹಳೇ ಇಂಗ್ಲಿಷ್ ಸಿನಿಮಾ ಹಾಕುತ್ತಾರೆ. ಬೇಸಿಗೆಯಲ್ಲಿ ಆ ಹೊತ್ತಿಗೆ ನಮ್ಮ ಬೆಟ್ಟದ ಬಂಡೆ ಕಾದು ಬೀದಿಗೆಲ್ಲ ಕಾವು ಉಗುಳುತ್ತಿರುತ್ತದೆ. ಮೇಷ್ಟ್ರ ಹಾಲಿನಲ್ಲಿ ಕೂಲರ್ ಇದೆ. ನಾನೂ ಓಬಳಮ್ಮನೂ ಮೊದಲು ಹೋಗಿದ್ದು ಕೂಲರಿಗೆ. ಸಿನಿಮಾ ಆಮೇಲೆ ಅಂಟಿಕೊಂಡಿತು.

ಓಬಳಮ್ಮ ನನ್ನ ಎದುರುಮನೆಯವಳು. ಪಾವಗಡದ ಕಡೆಯಿಂದ ಮದುವೆಯಾಗಿ ಬಂದು ನಲವತ್ತು ವರ್ಷವಾಯಿತು. ಈಗಲೂ ಸಿಟ್ಟು ಬಂದರೆ ತೆಲುಗು ಬರುತ್ತದೆ. ನಾವಿಬ್ಬರೂ ಹುಣಸೆಹಣ್ಣಿನ ಬೀಜ ಬಿಡಿಸುವವರು. ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬೀಜ ಯಾವುದು, ಹಣ್ಣು ಯಾವುದು ಅಂತ ಬೆರಳಿನಲ್ಲೇ ನೋಡುತ್ತಿದ್ದಳು. ಆಪರೇಷನ್ ಮಾಡಿಸು ಅಂದರೆ, ಸುಗ್ಗಿ ಮುಗಿಯಲಿ ಅನ್ನುತ್ತಿದ್ದಳು. ಎರಡು ಸುಗ್ಗಿ ಮುಗಿದಿತ್ತು.

ಮೇಷ್ಟ್ರಿಗೆ ಕಿವಿ ಮಂದ. ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ. ಟಿವಿಯ ಸದ್ದೆಲ್ಲ ಅವರ ಕಿವಿಯೊಳಕ್ಕೇ ಹೋಗುತ್ತದೆ. ನಮಗೆ ಬರೀ ಚಿತ್ರ. ಆ ಇಂಗ್ಲಿಷ್ ಮಾತು ಕೇಳಿಸಿದ್ದರೂ ನಾವು ಮಾಡುವಂಥದ್ದೇನೂ ಇರಲಿಲ್ಲ. ಓಬಳಮ್ಮನಿಗೆ ಚಿತ್ರವೂ ಮಂಜು. ಹಾಗಾಗಿ ಕೇಳುವ ಕೆಲಸ ಮೇಷ್ಟ್ರದು, ನೋಡಿ ಹೇಳುವ ಕೆಲಸ ನನ್ನದು, ನಂಬುವ ಕೆಲಸ ಓಬಳಮ್ಮನದು. ಮೂವರೂ ಸೇರಿದರೆ ಒಂದು ಸಿನಿಮಾ!

"ಇವೆಲ್ಲ ಹಾಲಿವುಡ್ಡಿನ ಸುವರ್ಣಯುಗದ ಚಿತ್ರಗಳು ಈರಮ್ಮ," ಎಂದರು ಮೇಷ್ಟ್ರು ಮೊದಲ ದಿನ.

"ಚಿನ್ನ ಅಂಗಿರ್ಲಿ ಮೇಷ್ಟ್ರೇ, ಒಂದು ಬಣ್ಣನೂ ಇಲ್ವಲ್ಲ!" ಎಂದೆ.

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದನ್ನು ಬರೆದು ತಮ್ಮ ರಿಟೈರ್ಡ್ ಮೇಷ್ಟ್ರುಗಳ ವಾಟ್ಸಾಪ್ ಗುಂಪಿಗೆ ಹಾಕಿದರು. ಶಿರಾದಿಂದ ಒಬ್ಬರು, ಕೊರಟಗೆರೆಯಿಂದ ಇಬ್ಬರು ಚಪ್ಪಾಳೆ ಕಳಿಸಿದರಂತೆ. ಅಲ್ಲಿಂದ ನನ್ನ ತಲೆ ತಿರುಗಿತು. ಪ್ರತಿ ಭಾನುವಾರ ಸಿನಿಮಾ ಮುಗಿದ ಕೂಡಲೇ ಮೇಷ್ಟ್ರು ಫೋನ್ ಹಿಡಿದು, "ಈರಮ್ಮ, ವಿಮರ್ಶೆ?" ಎನ್ನುವರು. ನಾನು ಗಂಟಲು ಸರಿಮಾಡಿಕೊಂಡು ತೀರ್ಪು ಕೊಡುವೆ.

ಒಂದು ಸಿನಿಮಾದಲ್ಲಿ ಎಲ್ಲರೂ ಟೋಪಿ ಹಾಕಿಕೊಂಡು, ಕಾರಿನಲ್ಲಿ ಓಡಾಡಿ, ಒಬ್ಬರಿಗೊಬ್ಬರು ಗುಂಡು ಹಾರಿಸಿದರು. "ಇಷ್ಟು ಜನದಾಗೆ ಒಬ್ಬನೂ ಉಂಡಿದ್ದು ನೋಡ್ಲಿಲ್ಲ. ಹಸಿದು ಕ್ವಾಪ ಬಂದೈತೆ, ಅಷ್ಟೇ," ಎಂದೆ. ಇನ್ನೊಂದರಲ್ಲಿ ಬಂಗಲೆಯ ಹೆಂಗಸೊಬ್ಬಳು ಎರಡು ಗಂಟೆ ಅತ್ತಳು. ಕಣ್ಣಿನ ಕಪ್ಪು ಒಂದು ಚೂರೂ ಇಳಿಯಲಿಲ್ಲ. "ಅಳು ಸುಳ್ಳು, ಕಾಡಿಗೆ ದಿಟ," ಎಂದೆ. ಕುದುರೆಯವರ ಸಿನಿಮಾಕ್ಕೆ, "ಕುದುರೆ ಚೆನ್ನಾಗಿ ಮಾಡೈತೆ. ಮ್ಯಾಲೆ ಕುಂತಿರೋನು ಪರವಾಗಿಲ್ಲ," ಎಂದೆ. ಚಪ್ಪಾಳೆ ಮೇಲೆ ಚಪ್ಪಾಳೆ!

ಆದರೆ ಈ ಸಿನಿಮಾಗಳಲ್ಲಿ ಒಂದು ತೊಂದರೆಯಿದೆ. ಎಲ್ಲ ಮರ್ಯಾದೆಯಾಗಿ ಹೋಗುತ್ತಿರುತ್ತದೆ. ಹೀರೋ ಮಾತಾಡುತ್ತ ಮಾತಾಡುತ್ತ ಹತ್ತಿರ ಬರುತ್ತಾನೆ. ಹೀರೋಯಿನ್ನಿನ ಗಲ್ಲ ಹಿಡಿದು ಮುಖ ಮೇಲಕ್ಕೆತ್ತುತ್ತಾನೆ. ಆಮೇಲೆ ಬಾಯಿಗೆ ಬಾಯಿ! ಸರಿಯಾಗಿ ಆ ಹೊತ್ತಿಗೆ ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಲು ಶುರುಮಾಡುತ್ತಾರೆ. ಇಡೀ ಮಧುಗಿರಿಯಲ್ಲಿ ಅಷ್ಟು ಚೊಕ್ಕಟವಾದ ಕನ್ನಡಕ ಇನ್ನೊಂದಿಲ್ಲ. ನಾನು ಒಂದು ಕಣ್ಣಿನಲ್ಲಿ ನೆಲ ನೋಡುತ್ತೇನೆ.

"ಏನಾಯ್ತೇ ಈರಕ್ಕ? ಯಾಕೆ ಸುಮ್ಕಾಗ್ಬುಟ್ಟೆ?" ಎಂದಳು ಓಬಳಮ್ಮ ಮೊದಲ ಸಲ.

ಪರಪುರುಷರು ಮಾರುದೂರದಲ್ಲಿ ಕೂತಿದ್ದಾರೆ. ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. "ಅವ್ಳ ಕಣ್ಗೆ ಕಸ ಬಿದ್ದೈತೆ ಕಣೇ. ಊದ್ತಾವ್ನೆ," ಎಂದುಬಿಟ್ಟೆ.

"ಪಾಪ, ಒಳ್ಳೇ ಹುಡುಗ." ಸ್ವಲ್ಪ ಹೊತ್ತು ಬಿಟ್ಟು, "ಇನ್ನೂ ಊದ್ತಾವ್ನಾ?"

"ಹೂಂ. ದೊಡ್ಡ ಕಸ."

ಮುಂದಿನ ವಾರವೂ ಕಸ ಬಿತ್ತು. ಅದರ ಮುಂದಿನ ವಾರ ಎರಡು ಸಲ ಬಿತ್ತು. "ಆ ದೇಶದಾಗೆ ಧೂಳು ಜಾಸ್ತಿನೇನೇ?" ಎಂದು ಓಬಳಮ್ಮ ಕೇಳಿದಳು. ಸುಳ್ಳಿಗೆ ಆಧಾರ ಕೊಡಬೇಕಲ್ಲ? "ಇವನು ಕಣ್ಣಿನ ಡಾಕ್ಟ್ರು ಕಣೇ, ಅದ್ಕೆ," ಎಂದೆ. ಅಂದಿನಿಂದ ಕಳ್ಳನೂ ಕಣ್ಣಿನ ಡಾಕ್ಟ್ರು, ಪೊಲೀಸನೂ ಕಣ್ಣಿನ ಡಾಕ್ಟ್ರು, ಕುದುರೆ ಮೇಲೆ ಬಂದವನೂ ಕಣ್ಣಿನ ಡಾಕ್ಟ್ರು. ಅಷ್ಟು ಕಣ್ಣಿನ ಡಾಕ್ಟ್ರುಗಳು ನಮ್ಮ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ!

ಹೀಗಿರುವಾಗ ಒಂದು ದಿನ ಒಲೆ ಮುಂದೆ ಓಬಳಮ್ಮನ ಸೆರಗಿಗೆ ಬೆಂಕಿ ಹತ್ತಿತು. ಅವಳಿಗೆ ಕಾಣಿಸಲೇ ಇಲ್ಲ. ಉಪ್ಪು ಕೇಳಲು ಹೋಗಿದ್ದ ನಾನು ಒಂದು ಬಿಂದಿಗೆ ನೀರು ಅವಳ ಮೇಲೆ ಸುರಿದೆ. ಬೆಂಕಿ ಆರಿತು. ಅವತ್ತು ಅವಳು ಹೆದರಿದಳು. ಬರುವ ಬುಧವಾರ ಸ್ಕೂಲಿನಲ್ಲಿ ಕಣ್ಣಿನ ಕ್ಯಾಂಪ್ ಇತ್ತು. ಬರುತ್ತೇನೆ ಎಂದು ಒಪ್ಪಿಕೊಂಡಳು.

ಬುಧವಾರಕ್ಕೆ ಮೊದಲು ಭಾನುವಾರ ಬಂತು.

ಆ ದಿನದ ಸಿನಿಮಾದಲ್ಲಿ ಹೀರೋ ಎಂದಿನಂತೆ ಕಸ ಊದಿದ. ಬಹಳ ಹೊತ್ತು ಊದಿದ. ಅದಾದ ಮೇಲೆ ಬಂದ ದೃಶ್ಯದಲ್ಲಿ ನಾನು ಸುಳ್ಳು ಹೇಳಲಿಲ್ಲ. ಕಂಡದ್ದನ್ನೇ ಹೇಳಿದೆ. ಮುಳುಗಿದ್ದೇ ಅದರಿಂದ.

"ಅವ್ಳು ಮೈತುಂಬ ಬಿಳೀದು ಉಟ್ಟವ್ಳೆ ಕಣೇ. ಹಣೇಲಿ ಕುಂಕುಮ ಇಲ್ಲ, ಕೈಯಾಗೆ ಬಳೆ ಇಲ್ಲ. ಮಕದ್ ಮ್ಯಾಲೆ ಬಿಳೀ ಪರದೆ ಮುಚ್ಚವ್ರೆ. ಒಬ್ಬ ಮುದುಕ ಕೈ ಹಿಡ್ಕಂಡು ಒಂದೊಂದೇ ಹೆಜ್ಜೆ ನಡೆಸ್ಕಂಡು ಬತ್ತಾವ್ನೆ. ಎಲ್ಲಾ ಎದ್ದು ನಿಂತವ್ರೆ. ಒಬ್ಬಳು ಮುದುಕಿ ಅಳ್ತಾವ್ಳೆ."

"ಕೈ ಹಿಡ್ದು ಯಾಕೆ ನಡೆಸ್ತಾನೆ?"

"ಕಣ್ ಕಾಣ್ತಿಲ್ವೇನೋ," ಎಂದೆ ನಾನು, ಮಹಾ ವಿಮರ್ಶಕಿ!

ಓಬಳಮ್ಮ ಎದ್ದಳು. ಗೋಡೆ ತಡವಿಕೊಂಡು ಸೀದಾ ಮನೆಗೆ ಹೋದಳು. ಕ್ಯಾಂಪಿಗೆ ಬರುವುದಿಲ್ಲ ಎಂದು ಬಾಗಿಲೊಳಗಿಂದಲೇ ಕೂಗಿದಳು.

"ಡಾಕ್ಟ್ರು ಊದ್ದ, ಅವ್ಳ ಕಣ್ಣು ಹೋಯ್ತು. ಊರೋರೆಲ್ಲ ಸೇರಿ ಅತ್ರು. ನೀನೇ ಹೇಳ್ದಲ್ಲೇ! ನೇನು ರಾನು! ಬರಲ್ಲ ಅಂದ್ರೆ ಬರಲ್ಲ!"

ತೆಲುಗು ಬಂದಿತ್ತು. ವಿಷಯ ಕೈ ಮೀರಿದೆ ಎಂದು ಗೊತ್ತಾಯಿತು. ಓಡಿಹೋಗಿ ಮೇಷ್ಟ್ರ ಕಿವಿಯಿಂದ ಹೆಡ್‌ಫೋನ್ ಕಿತ್ತು ಕೇಳಿದೆ.

"ಮೇಷ್ಟ್ರೇ, ಆ ಹೆಂಗ್ಸಿಗೆ ಕಣ್ಣು ಹೆಂಗೋಯ್ತು?"

"ಯಾವ ಕಣ್ಣು? ಈರಮ್ಮ, ಅದು ಮದುವೆ! ಅವರಲ್ಲಿ ಮದುಮಗಳು ಬಿಳಿ ಉಡುತ್ತಾಳೆ. ಕೈ ಹಿಡಿದಿದ್ದು ಅವಳ ಅಪ್ಪ."

"ಅಳ್ತಿದ್ದ ಮುದುಕಿ?"

"ಅವಳ ತಾಯಿ. ಮಗಳ ಮದುವೆಯಲ್ಲಿ ಅಳೋದಿಲ್ವಾ?"

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಹಾಗಾದರೆ ಹಿಂದಿನ ಸಿನಿಮಾಗಳಲ್ಲಿ ಬಿಳಿ ಉಟ್ಟಿದ್ದಾರೆಂದು ನಾನು ವಿಧವೆ ಮಾಡಿ ಕೂರಿಸಿದ ಹೆಂಗಸರೆಲ್ಲ ಮದುಮಕ್ಕಳೇ! ಗಂಡಂದಿರೆಲ್ಲ ಗಟ್ಟಿಮುಟ್ಟಾಗಿ ಪಕ್ಕದಲ್ಲೇ ನಿಂತಿದ್ದರು. ಆ ಮದುವೆಗಳಿಗೆಲ್ಲ ನಾನೂ ಓಬಳಮ್ಮನೂ ಕಣ್ಣೀರು ಹಾಕಿ ಬಂದಿದ್ದೆವು.

ಮೇಷ್ಟ್ರನ್ನೇ ಓಬಳಮ್ಮನ ಮನೆಗೆ ಕರೆದುಕೊಂಡು ಹೋದೆ. ಮದುವೆಯ ವಿಷಯವನ್ನು ಅವರು ಚೆನ್ನಾಗಿ ವಿವರಿಸಿದರು. ಓಬಳಮ್ಮ ಎಲ್ಲ ಕೇಳಿ, "ಸರಿ. ಮತ್ತೆ ಆ ಕಸ ಊದಿದ್ದು?" ಎಂದಳು.

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ. ಮೇಷ್ಟ್ರಿಗೆ ಕೆಮ್ಮು ಬಂತು. "ಅದು... ಪಾಶ್ಚಾತ್ಯರಲ್ಲಿ... ಪರಸ್ಪರ ವಿಶ್ವಾಸವನ್ನು ವ್ಯಕ್ತಪಡಿಸುವ ಒಂದು... ಕ್ರಮ," ಎಂದು ಹೇಳಿ ಕನ್ನಡಕ ತೆಗೆದು ಒರೆಸತೊಡಗಿದರು.

"ನೋಡ್ದಾ ಈರಕ್ಕ? ಮೇಷ್ಟ್ರೂ ಮುಚ್ಚಿಡ್ತಾವ್ರೆ. ಕಣ್ಣು ಹೋಗಿರೋದು ದಿಟ!"

ಮೇಷ್ಟ್ರು ಹೋದ ಮೇಲೆ ಧೈರ್ಯ ಮಾಡಿದೆ. "ಕಸ ಇರ್ಲಿಲ್ಲ ಕಣೇ."

"ಕಸ ಇಲ್ದೆ ಯಾಕ್ ಊದ್ದ?"

ಉತ್ತರ ನಾಲಿಗೆಯ ತುದಿಗೆ ಬಂದು ಕೂತಿತು. ಹೊರಕ್ಕೆ ಬರಲಿಲ್ಲ. ಅರವತ್ತೆಂಟು ವರ್ಷದಲ್ಲಿ ಆ ಮಾತು ನಾನು ಯಾರ ಮುಂದೆಯೂ ಆಡಿದವಳಲ್ಲ, ನನ್ನ ಗಂಡನ ಮುಂದೆಯೂ! ಎದ್ದು ಮನೆಗೆ ಬಂದೆ. ಅವಳು ಕುರುಡಿಯಾದರೆ ಅದು ನನ್ನ ನಾಚಿಕೆಯಿಂದ ಆದ ಕುರುಡು. ಎರಡು ದಿನ ಅನ್ನ ಸೇರಲಿಲ್ಲ.

ಬುಧವಾರ, ಬರೀ ಕನ್ನಡಕದ ನಂಬರ್ ನೋಡುತ್ತಾರೆ ಅಂತ ಇನ್ನೊಂದು ಸುಳ್ಳು ಹೇಳಿ ಅವಳನ್ನು ಆಟೋ ಹತ್ತಿಸಿದೆ. ಸ್ಕೂಲಿನ ತುಂಬ ಜನ. ಬೆಂಚುಗಳ ಮೇಲೆ ಸಾಲಾಗಿ ಮುದುಕರು, ಮುದುಕಿಯರು. ನಮ್ಮ ಸರದಿ ಬಂತು. ಡಾಕ್ಟ್ರು ಚಿಕ್ಕ ವಯಸ್ಸಿನವರು, ನೋಡಲು ಚೆನ್ನಾಗಿದ್ದರು.

"ಸ್ವಲ್ಪ ಹತ್ತಿರ ಬನ್ನಿ ಅಜ್ಜಿ," ಎಂದು ಡಾಕ್ಟ್ರು ಓಬಳಮ್ಮನ ಗಲ್ಲ ಹಿಡಿದರು. ಮುಖ ಮೇಲಕ್ಕೆತ್ತಿದರು. ಟಾರ್ಚ್ ಹಿಡಿದು ಬಗ್ಗಿದರು. ಸಿನಿಮಾದಲ್ಲಿ ಇದ್ದ ಹಾಗೇ!

"ಊದ್‌ಬ್ಯಾಡ್ರೀ!" ಎಂದು ಓಬಳಮ್ಮ ಕಿರುಚಿದಳು. ಎರಡು ಕೈಯಿಂದ ಮುಖ ಮುಚ್ಚಿಕೊಂಡು ಸ್ಟೂಲಿನಿಂದ ಎದ್ದೇಬಿಟ್ಟಳು.

ಡಾಕ್ಟ್ರು ಸಮಾಧಾನ ಹೇಳಿದರು, ನರ್ಸಮ್ಮ ಗದರಿದಳು. ಅವಳು ಕೈ ತೆಗೆಯಲಿಲ್ಲ. ಡಾಕ್ಟ್ರು ನನ್ನ ಕಡೆ ತಿರುಗಿ, "ಪೊರೆ ಪೂರ್ತಿ ಬಲಿತಿದೆ ಅಮ್ಮ. ಇನ್ನೂ ತಡ ಮಾಡಿದರೆ ಆಮೇಲೆ ಆಪರೇಷನ್ ಮಾಡಿಯೂ ಪ್ರಯೋಜನ ಆಗದೇ ಹೋಗಬಹುದು. ಒಲ್ಲೆ ಅನ್ನೋರನ್ನ ನಾವು ಬಲವಂತ ಮಾಡೋ ಹಾಗಿಲ್ಲ. ಕರ್ಕೊಂಡು ಹೋಗಿ," ಎಂದರು. ನರ್ಸಮ್ಮ ಮುಂದಿನ ಹೆಸರು ಕೂಗಿದಳು. ಓಬಳಮ್ಮ ತಡವರಿಸಿಕೊಂಡು ಬಾಗಿಲಿನ ಕಡೆ ಹೊರಟೇಬಿಟ್ಟಳು.

ಇನ್ನು ತಡೆಯಲಾಗಲಿಲ್ಲ.

"ಅವನು ಊದ್ತಿರ್ಲಿಲ್ಲ ಕಣೇ ಓಬಳೀ!" ಎಂದು ಕೂಗಿದೆ. "ಮುತ್ತು ಕೊಡ್ತಿದ್ದ! ಬಾಯ್ಗೆ!"

ಡಾಕ್ಟ್ರ ಕೈಯಿಂದ ಟಾರ್ಚ್ ಬಿತ್ತು.

"ಯಾರು? ನಾನಾ?"

"ನೀವಲ್ಲ ಡಾಕ್ಟ್ರೇ! ಆ ಕುದುರೆ ಮ್ಯಾಲೆ ಬಂದೋನು!"

ಓಬಳಮ್ಮ ಬಾಗಿಲಲ್ಲೇ ನಿಂತಳು. "ಎಲ್ಲಾರೂನಾ?"

"ಎಲ್ಲಾರೂ ಕಣೇ! ಕಳ್ಳನೂ, ಪೊಲೀಸನೂ, ಎಲ್ಲಾರೂ! ಒಬ್ಬನೂ ಡಾಕ್ಟ್ರಲ್ಲ. ನಂಗೆ ಹೇಳಕ್ಕೆ ನಾಚ್ಕೆ ಆಗಿ ಕಸ ಅಂದ್ಬುಟ್ಟೆ. ಕಣ್ಣು ಯಾರ್ದೂ ಹೋಗಿಲ್ಲ, ನಿಂದೇ ಹೋಗದು ಈಗ!"

ಸಾಲಿನಲ್ಲಿ ಕೂತಿದ್ದ ಮುದುಕರು ಬೊಚ್ಚುಬಾಯಿ ಬಿಟ್ಟುಕೊಂಡು ನಕ್ಕರು. ಹಿಂದಿನ ಬೆಂಚಿನ ಮುದುಕಿಯೊಬ್ಬಳು, "ಯಾವ್ ಸಿನಿಮಾ ಕಣಮ್ಮ ಅದು?" ಎಂದು ಮೆಲ್ಲಗೆ ವಿಚಾರಿಸಿದಳು. ಓಬಳಮ್ಮ ಮಾತ್ರ ನಗಲಿಲ್ಲ. ವಾಪಸು ಬಂದು, ಸ್ಟೂಲು ತಡವಿ ಕೂತು, ತಾನೇ ಗಲ್ಲ ಎತ್ತಿ ಹಿಡಿದಳು. "ನೋಡಪ್ಪ," ಎಂದಳು.

ಎರಡು ದಿನ ಬಿಟ್ಟು ತುಮಕೂರಿನಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು. ಮಾರನೇ ದಿನ ಪಟ್ಟಿ ಬಿಚ್ಚಿದರು. ನರ್ಸಮ್ಮ ಬೆರಳು ತೋರಿಸಿ, "ಎಷ್ಟು?" ಎಂದು ಕೇಳಿದಳು.

"ಮೂರು. ಉಂಗುರ ಸಡ್ಲಾಗೈತೆ, ನೋಡ್ಕಳವ್ವ, ಬಿದ್ದೋದಾತು," ಎಂದಳು ಓಬಳಮ್ಮ.

ನನಗೆ ಆಗ ಹಸಿವು ಗೊತ್ತಾಯಿತು. ಸೀದಾ ಕ್ಯಾಂಟೀನಿಗೆ ಹೋಗಿ ನಾಲ್ಕು ಇಡ್ಲಿ ತಿಂದೆ. ಸಾಲದೆ ಇನ್ನೆರಡು ತಿಂದೆ.

ಡಾಕ್ಟ್ರು ಟಿವಿ ನೋಡಬಹುದು ಅಂದ ಮೇಲೆ ಓಬಳಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಮೇಷ್ಟ್ರ ಹಾಲಿನಲ್ಲಿ ಮುಂದಿನ ಸಾಲಿಗೇ ಕೂತಳು. ಆ ದೃಶ್ಯ ಬಂತು. ಮೇಷ್ಟ್ರು ಕನ್ನಡಕ ತೆಗೆದರು. ನಾನು ನೆಲ ನೋಡಿದೆ. ಓಬಳಮ್ಮ ರೆಪ್ಪೆ ಬಡಿಯಲಿಲ್ಲ. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿದಳು.

"ಇಷ್ಟು ದಿನ ನಂಗೆ ಕಸ ಅಂತ ಹೇಳ್ಬುಟ್ಟು, ನೀನೊಬ್ಳೇ ಕುಂತು ನೋಡ್ಕಂಡಿದ್ದೀಯಲ್ಲೇ ಕಳ್ಳಿ!"

ಅವತ್ತಿನಿಂದ ಮೇಷ್ಟ್ರು ವಿಮರ್ಶೆಯನ್ನು ಅವಳ ಹತ್ತಿರ ಕೇಳುತ್ತಾರೆ. ನಾನು ಬಾಯಿ ತೆರೆದರೆ, "ನೀನ್ ಸುಮ್ಕಿರು, ನಿಂಗೆ ಕಣ್ ಸರಿಯಿಲ್ಲ. ಹಸೆಮಣೆ ಹೆಣ್ಣನ್ನ ರಂಡೆ ಅಂದೋಳು ನೀನು," ಎನ್ನುತ್ತಾಳೆ. ಸುಮ್ಮನೆ ಅನ್ನುವುದಲ್ಲ, ತಿಂಗಳ ಚೆಕಪ್ಪಿಗೆ ಹೋದಾಗ ನನ್ನನ್ನೂ ಎಳೆದುಕೊಂಡು ಹೋದಳು. ಅದೇ ಡಾಕ್ಟ್ರು. ನನ್ನನ್ನು ನೋಡಿದ ಕೂಡಲೇ ಒಂದು ಹೆಜ್ಜೆ ಹಿಂದಕ್ಕೆ ಹೋದರು. ದೂರದಿಂದಲೇ ಟಾರ್ಚ್ ಬಿಟ್ಟು, ಗೋಡೆಯ ಮೇಲಿನ ಗೆರೆಗಳನ್ನೆಲ್ಲ ತೋರಿಸಿ ಪರೀಕ್ಷೆ ಮಾಡಿದರು.

"ಇವರ ಕಣ್ಣಿಗೆ ಏನೂ ಆಗಿಲ್ಲ. ಎರಡೂ ಚೆನ್ನಾಗಿವೆ," ಎಂದರು.

ಓಬಳಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಂಗಾರೆ ತೊಂದ್ರೆ ಕಣ್ಣಿಂದಲ್ಲ ಬುಡಿ ಡಾಕ್ಟ್ರೇ," ಎಂದಳು. "ತಲೇದಕ್ಕೆ ಕ್ಯಾಂಪ್ ಯಾವಾಗ ಮಾಡ್ತೀರಾ?"