ಹಿಂದಿನ ಸೀಟಿನ ತೂಕ

ಮಾವನವರ ಹಳೇ ಕಾರಿನ ಬ್ರೇಕನ್ನು ನಾನೇ ಸರಿಮಾಡುತ್ತೇನೆಂದು ಘೋಷಿಸಿದಾಗ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾವನವರು ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಮನೆಗೆ ಆ ಅಭ್ಯಾಸವೇ ತಪ್ಪಿಹೋಗಿತ್ತು. ಅತ್ತೆಯವರು ಅಂದಿನಿಂದ ಬೀದಿಯ ಕಡೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತವರು, ಹೊಸ್ತಿಲು ದಾಟಿರಲಿಲ್ಲ. ನನಗಿಂತ ಮೂವತ್ತು ವರ್ಷ ಹಿರಿಯದಾದ ಆ ಕಾರು ಸೋಮವಾರ ಬೆಳಿಗ್ಗೆ ಮ್ಯೂಸಿಯಮ್ಮಿಗೆ ಹೊರಡುವುದಿತ್ತು. ಅತ್ತೆ ಕೇಳಿದ್ದು ಒಂದೇ ಒಂದು.

"ಅದು ಹೋಗೋಕೆ ಮುಂಚೆ ಒಂದ್ಸಲ ನನ್ನನ್ನ ಕೆರೆ ತನಕ ಕರ್ಕೊಂಡು ಹೋಗ್ತೀರಾ, ಅಳಿಯಂದ್ರೆ?"

"ಹೋಗೋದೇನು ಅತ್ತೆ, ಹಾರಿಸ್ಕೊಂಡೇ ಹೋಗ್ತೀನಿ!"

"ಹಾರೋದು ಬೇಡ," ಎಂದಳು ನನ್ನ ಹೆಂಡತಿ. "ನಿಂತ್ರೆ ಸಾಕು."

ನಿಲ್ಲುವುದೇ ಸಮಸ್ಯೆ! ಕರೆಸಿದ್ದ ಮೆಕ್ಯಾನಿಕ್ಕು ಕಾರಿನ ಕೆಳಗೆ ತೂರಿ, "ಬ್ರೇಕ್ ಆಯಿಲ್ ಎಲ್ಲಿ ಹಾಕೋದು ಸಾರ್?" ಎಂದು ಕೇಳಿ, ಎಲ್ಲೂ ಇಲ್ಲವೆಂದು ತಿಳಿದ ಮೇಲೆ ಕೈಮುಗಿದು ಹೋಗಿದ್ದ. ಇದರಲ್ಲಿ ಆಯಿಲ್ ಇಲ್ಲ, ಬರೀ ಕಬ್ಬಿಣದ ಕಂಬಿಗಳು. ಪೆಡಲ್ ತುಳಿದರೆ ಕಂಬಿಗಳು ಎಳೆದು ನಾಲ್ಕು ಚಕ್ರಗಳನ್ನೂ ಒಟ್ಟಿಗೆ ಹಿಡಿಯಬೇಕು. ನಮ್ಮ ಆಫೀಸಿನಲ್ಲಿ ನಾಲ್ಕು ಜನ ಒಟ್ಟಿಗೆ ಒಂದು ಮಾತಿಗೆ ಬಂದ ದಾಖಲೆ ಇಲ್ಲ. ನಾನು ನಾಲ್ಕು ಚಕ್ರಗಳನ್ನು ಒಂದು ಮಾತಿಗೆ ತರಲು ಹೊರಟಿದ್ದೆ!

ಅದಕ್ಕೆಂದೇ ಇಟ್ಟಿಗೆಗಿಂತ ದಪ್ಪನೆಯ ನಾಲ್ಕು ಪುಸ್ತಕಗಳನ್ನು ತರಿಸಿದ್ದೆ. ಹಿತ್ತಲಿನ ಶೆಡ್ಡಿನಲ್ಲಿ ಜಾಕ್ ಹಚ್ಚಿ, ಕಾರನ್ನು ಸ್ಟ್ಯಾಂಡುಗಳ ಮೇಲೇರಿಸಿ, ಚಕ್ರಗಳು ಗಾಳಿಯಲ್ಲಿ ತೂಗುತ್ತಿರುವಂತೆ ಮೂರು ದಿನ ತಪಸ್ಸು ಮಾಡಿದೆ. ತುಕ್ಕು ಉಜ್ಜಿದೆ, ಬ್ರೇಕಿನ ಸವೆದ ಲೈನಿಂಗ್ ಬದಲಿಸಿದೆ, ಪ್ರತಿ ಕಂಬಿಯ ತುದಿಯ ನಟ್ಟನ್ನೂ ಬಿಗಿದೆ. ಹಿಂದಿನ ಸ್ಪ್ರಿಂಗಿನ ಹತ್ತಿರ ಚಾಸಿಯ ಕಬ್ಬಿಣದ ಚೌಕಟ್ಟಿನ ಮೇಲೆ ಯಾರೋ ಮೊಳೆಯಿಂದ ಗೀಚಿದ್ದ ಗೆರೆ ಕಂಡಿತು. ಹಳೇ ಕಾರು, ಗೀರು ಸಹಜವೆಂದು ಬಿಟ್ಟೆ.

"ತುಳಿ!" ಎಂದೆ ಕೆಳಗಿನಿಂದ ಹೆಂಡತಿಗೆ.

"ತುಳಿದೆ."

"ಬಿಡು!"

"ಬಿಟ್ಟೆ. ಮದುವೆ ಆದಾಗಿಂದ ಬರೀ ಇದೇ ಆಯ್ತು."

ಕೈಯಿಂದ ತಿರುಗಿಸಿದ ಚಕ್ರ ಗಕ್ಕನೆ ನಿಂತಿತು! ಕಾರನ್ನು ಇಳಿಸಿ ಒಬ್ಬನೇ ಕೂತು ಅಂಗಳದಲ್ಲಿ ಹತ್ತು ಅಡಿ ಓಡಿಸಿದೆ. ಆಗಲೂ ನಿಂತಿತು. ನಾನು ಜಗದ್ವಿಜೇತನಾದೆ.

ಭಾನುವಾರ ಬೆಳಿಗ್ಗೆ, ಅತ್ತೆಯವರನ್ನು ಕೂರಿಸುವ ಮುನ್ನ ಒಂದು ಪರೀಕ್ಷೆ. ಹಿಂದಿನ ಸೀಟಿನಲ್ಲಿ ಹೆಂಡತಿ, ಅವಳ ಪಕ್ಕದಲ್ಲಿ ನಮ್ಮ ಬೀದಿಯ ಇಳಿಜಾರಿನ ಕೊನೆಯ ಮನೆಯ ನಿವೃತ್ತ ಹೆಡ್‌ಮಾಸ್ಟರು. ಅವರದು ತೊಂಬತ್ತು ಕಿಲೋ ಶಿಸ್ತು. ಬೀದಿಗಿಳಿದೆವು. ಪೆಡಲ್ ತುಳಿದೆ. ಅದು ನೆಲ ಮುಟ್ಟಿತು. ಕಾರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

"ರೀ, ಬ್ರೇಕ್ ಹಾಕ್ರೀ!"

"ಹಾಕಿದ್ದೀನಿ ಕಣೇ!"

"ಯಾವ ಕಾರಿಗೆ?"

"ಕೈಬ್ರೇಕ್ ಎಳೀರಿ!" ಎಂದು ಗರ್ಜಿಸಿದರು ಹೆಡ್‌ಮಾಸ್ಟರು. ಎಳೆದೆ. ಅದೂ ಅದೇ ಕಂಬಿಗಳ ಸಂಬಂಧಿ, ಅವುಗಳ ಪಕ್ಷವನ್ನೇ ವಹಿಸಿತು. ಶವಯಾತ್ರೆಯ ವೇಗದಲ್ಲಿ, ಅಷ್ಟೇ ಗಾಂಭೀರ್ಯದಿಂದ ನಾವು ಇಳಿದೆವು.

"ಅದು ನನ್ನ ಗೇಟು!" ಎಂದರು ಹೆಡ್‌ಮಾಸ್ಟರು.

ಮರುಕ್ಷಣ ಅದು ಯಾರ ಗೇಟೂ ಆಗಿರಲಿಲ್ಲ. ಅವರು ಕಾರಿನಿಂದಿಳಿದು, ಬಿದ್ದ ಗೇಟಿನ ಮೇಲೆ ನಡೆದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ತಲೆ ತಗ್ಗಿಸಿಕೊಂಡು ಕಾರನ್ನು ಮೆಲ್ಲಗೆ ಮೇಲಕ್ಕೆ ತಂದೆ. ಏರಿನಲ್ಲಿ ಅದು ತಾನಾಗಿಯೇ ನಿಲ್ಲುತ್ತಿತ್ತು. ಅಂಗಳದಲ್ಲಿ ಅತ್ತೆ ನಿಂತಿದ್ದರು. ಹೊಸ್ತಿಲಿನಿಂದ ಈಚೆಗೆ!

"ಹಿಂದೆ ಯಾರನ್ನ ಕೂರಿಸ್ಕೊಂಡು ನಟ್ ಬಿಗಿ ಮಾಡಿದ್ರಿ?"

"ಯಾರನ್ನೂ ಇಲ್ಲ ಅತ್ತೆ. ಕಾರನ್ನ ಮೇಲೇರಿಸಿ..."

"ಅವರು ನನ್ನ ಕೂರಿಸ್ಕೋತಿದ್ರು," ಎನ್ನುತ್ತ ಹಿಂದಿನ ಸೀಟಿಗೆ ಹತ್ತಿ ಕೂತರು. "ನಲವತ್ತಾರು ವರ್ಷ. 'ಬಾ, ಜೊತೆಗೆ ಸ್ವಲ್ಪ ಹೊತ್ತು ಕೂತಿರು' ಅನ್ನೋರು. ನಾನಿಲ್ದಿದ್ರೆ ಅವರಿಗೆ ಬೇಜಾರು ಅಂದ್ಕೊಂಡಿದ್ದೆ."

ಬಾಯಿ ಮುಚ್ಚಿಕೊಂಡಿರಬೇಕಿತ್ತು. ನನ್ನೊಳಗಿನ ಪಂಡಿತ ಬಿಡಲಿಲ್ಲ. "ಹೌದಲ್ಲ ಅತ್ತೆ! ಜನ ಕೂತ್ರೆ ಸ್ಪ್ರಿಂಗ್ ಕುಸಿದು ಕಂಬಿ ಸಡಿಲ ಆಗುತ್ತೆ. ಅದಕ್ಕೇ ಹಿಂದೆ ಭಾರ ಇಟ್ಕೊಂಡು ಬಿಗೀಬೇಕು!"

ಹೆಂಡತಿ ಕಣ್ಣಲ್ಲೇ ನನ್ನನ್ನು ಸುಟ್ಟಳು. ಅತ್ತೆ ತಾವು ಕೂತಿದ್ದ ಸೀಟನ್ನು ಕೈಯಿಂದ ಸವರಿದರು.

"ಅಂದ್ರೆ ನಾನು ಮೂಟೆ!" ಎಂದರು. ಆಮೇಲೆ ನಕ್ಕರು, ಹನ್ನೊಂದು ತಿಂಗಳಲ್ಲಿ ಮೊದಲ ಸಲ. ನಗುತ್ತಲೇ ಕಣ್ಣೊರೆಸಿಕೊಂಡರು.

ಕೆಳಗೆ ತೂರಿ ನೋಡಿದೆ. ಆ ಗೀರು ಮಾವನವರ ಗುರುತು! ಸ್ಪ್ರಿಂಗು ಅಲ್ಲಿಯವರೆಗೆ ಇಳಿದಾಗ ಬಿಗಿಯಬೇಕು. ಈಗ ಅರ್ಧ ಬೆರಳು ಕಡಿಮೆ ಬಿದ್ದಿತ್ತು.

"ಆಗಿನಷ್ಟು ನಾನೆಲ್ಲಿದ್ದೀನಿ?" ಎಂದರು ಅತ್ತೆ. "ಅವರು ಹೋದ್ಮೇಲೆ ಎಂಟು ಕಿಲೋ ಇಳಿದಿದ್ದೀನಿ."

ಹೆಂಡತಿ ಶೆಡ್ಡಿಗೆ ಹೋಗಿ, ನನ್ನ ನಾಲ್ಕೂ ಪುಸ್ತಕಗಳನ್ನು ಹೊತ್ತು ತಂದು ತಾಯಿಯ ತೊಡೆಯ ಮೇಲೆ ಪೇರಿಸಿದಳು. ಸ್ಪ್ರಿಂಗು ಕಿರುಗುಟ್ಟಿ ಸರಿಯಾಗಿ ಗೆರೆಗೆ ಬಂದು ನಿಂತಿತು! ಹಾಗೇ ಎಲ್ಲ ನಟ್ಟುಗಳನ್ನೂ ಮತ್ತೆ ಬಿಗಿದೆ.

ಸಂಜೆ ಅತ್ತೆ, ನಾನು, ಪುಸ್ತಕಗಳು ಕೆರೆಗೆ ಹೊರಟೆವು. "ನಾನು ಹತ್ತಿದ್ರೆ ಗೆರೆ ದಾಟುತ್ತೆ," ಎಂದು ಹೆಂಡತಿ ನಡೆದುಕೊಂಡೇ ಬಂದಳು. ನೀರಿನ ಅಂಚಿಗೆ ಹತ್ತು ಹೆಜ್ಜೆ ಇರುವಾಗ ಪೆಡಲ್ ತುಳಿದೆ. ನಾಲ್ಕೂ ಚಕ್ರಗಳು ಒಟ್ಟಿಗೆ ನಿಂತವು. ಅತ್ತೆ ಕಪ್ಪಾಗುತ್ತಿದ್ದ ನೀರನ್ನು ನೋಡುತ್ತ ಕೂತರು.

"ಈಗ ಆ ಪುಸ್ತಕ ಇಳಿಸಿ ಅತ್ತೆ, ಕಾಲು ನೋಯುತ್ತೆ."

"ಇರ್ಲಿ ಬಿಡಿ," ಎಂದರು. "ನಿಮ್ಮ ಮಾವನ ಹತ್ರ ಒಂದೂ ಪುಸ್ತಕ ಇರ್ಲಿಲ್ಲ. ಅವರಿಗೆ ನಾನೊಬ್ಬಳೇ ಸಾಕಾಗ್ತಿದ್ದೆ."